ಅಪ್ಪ ಓಡಿಸಿದ ಮಿಲಿಟರಿ ಲಾರಿ ಮಾರಾಟಕ್ಕಿದೆ, ತಗೊಳ್ಳಲಾ?

ಪ್ರಶ್ನೆ: ಅಕ್ಕಾ, ನನಗೆ 46 ವರ್ಷ. ಹಾಸನದಲ್ಲಿ ಸಣ್ಣ ಹಾರ್ಡ್‌ವೇರ್ ಅಂಗಡಿ ಇಟ್ಟಿದ್ದೇನೆ. ಅಪ್ಪ ಸಕಲೇಶಪುರದ ಕಡೆ ಒಂದು ಸಾಮಿಲ್‌ನಲ್ಲಿ ನಾಟಾ ಲಾರಿ ಓಡಿಸುತ್ತಿದ್ದರು. ಎರಡನೇ ಮಹಾಯುದ್ಧದ ಕಾಲದ ಷೆವರ್ಲೆ ಅದು. ಚಿಕ್ಕವನಿದ್ದಾಗ ಅಪ್ಪನ ಪಕ್ಕ, ಇಂಜಿನ್ ಮೇಲೆ ಗೋಣಿಚೀಲ ಹಾಸಿಕೊಂಡು ಕೂರುತ್ತಿದ್ದೆ. ಹೋದ ವರ್ಷ ಅಪ್ಪ ತೀರಿಕೊಂಡರು. ಮಿಲ್ಲು ಯಾವತ್ತೋ ಮುಚ್ಚಿದೆ, ಲಾರಿ ಮಾತ್ರ ಅಲ್ಲೇ ನಿಂತಿದೆ. ಈಗ ಜಾಗ ಮಾರುತ್ತಿದ್ದಾರೆ. ಲಾರಿಗೆ 4 ಲಕ್ಷ ಕೇಳುತ್ತಾರೆ, ಬೇಡ ಅಂದರೆ ಗುಜರಿಗೆ ಹಾಕುತ್ತಾರಂತೆ. ವಿಂಟೇಜ್ ನಂಬರ್ ಮಾಡಿಸಿ ಓಡಿಸಬಹುದು ಎಂದೂ ಹೇಳಿದರು. ನನ್ನ ಹೆಂಡತಿ, 'ಆ ಗುಜರಿಗೆ ಸುರಿಯೋ ಬದಲು ಮಾವನ ಹೆಸರಲ್ಲಿ ಅನ್ನದಾನ ಮಾಡಿಸಿ' ಎನ್ನುತ್ತಾಳೆ. ಕೈಯಲ್ಲಿರುವುದು ಮಗಳ ಇಂಜಿನಿಯರಿಂಗ್ ಸೀಟಿಗೆ ಇಟ್ಟ ದುಡ್ಡು. 30 ಸಾವಿರ ಅಡ್ವಾನ್ಸ್ ಕೊಟ್ಟಿದ್ದೇನೆ, ಅದು ಅವಳಿಗೆ ಗೊತ್ತಿಲ್ಲ. ತಗೊಳ್ಳಲಾ, ಬಿಡಲಾ?

ಉತ್ತರ: ನನಗೆ ಬರುವುದೆಲ್ಲ ಅತ್ತೆ ಸೊಸೆ ಪತ್ರ, ಆಸ್ತಿ ಪಾಲಿನ ಪತ್ರ. ಲಾರಿಯ ಪತ್ರ ಇದೇ ಮೊದಲು. ನಾನು ಗ್ಯಾರೇಜಿನವರ ಮನೆಯಲ್ಲಿ ಬೆಳೆದವಳು, ಖುಷಿಯಿಂದಲೇ ಓದುತ್ತಾ ಹೋದೆ. ಕೊನೆಯ 30 ಸಾವಿರಕ್ಕೆ ಬಂದಾಗ ಖುಷಿ ಸ್ವಲ್ಪ ಇಳಿಯಿತು. ಅದಕ್ಕೆ ಆಮೇಲೆ ಬರುತ್ತೇನೆ.

ಇಂಜಿನ್ ಮೇಲೆ ಕೂರುತ್ತಿದ್ದೆ ಎಂದಿರಲ್ಲ, ಅದು ಯಾವ ಗಾಡಿ ಎಂದು ಅಲ್ಲೇ ಗೊತ್ತಾಯಿತು. ಬ್ರಿಟಿಷ್ ಸೈನ್ಯ ಕೊಟ್ಟ ಅಳತೆಗೆ ಕೆನಡಾದಲ್ಲಿ ಫೋರ್ಡ್‌ನವರೂ ಷೆವರ್ಲೆಯವರೂ ಯುದ್ಧದ ಹೊತ್ತಿಗೆ ಇಂಥ ಲಾರಿಗಳನ್ನು 4 ಲಕ್ಷಕ್ಕೂ ಜಾಸ್ತಿ ಮಾಡಿದರು. ಹಡಗಿನಲ್ಲಿ ಜಾಗ ಉಳಿಯಬೇಕು, ಹಿಂದೆ ಸಾಮಾನಿಗೂ ಉದ್ದ ಸಿಗಬೇಕು, ಹಾಗಾಗಿ ಮೂತಿ ಗಿಡ್ಡ ಮಾಡಿ ಇಂಜಿನ್ನನ್ನು ಕ್ಯಾಬಿನ್ ಒಳಕ್ಕೆ, ಡ್ರೈವರ್ ಕ್ಲೀನರ್ ಮಧ್ಯಕ್ಕೆ ನೂಕಿದರು. ಕಾಲು ಚಾಚಲು ಜಾಗವಿಲ್ಲ, ಬೇಸಿಗೆಯಲ್ಲಂತೂ ಒಲೆ ಪಕ್ಕ ಕೂತ ಹಾಗೆ. ಸ್ಟೇರಿಂಗ್ ಬಲಕ್ಕೇ ಇತ್ತು, ನಮ್ಮ ರಸ್ತೆಗೆ ಒಗ್ಗಿತು. 1945ರಲ್ಲಿ ಯುದ್ಧ ಮುಗಿದ ಮೇಲೆ ಸೈನ್ಯಕ್ಕೆ ಬೇಡವಾದ ಸಾಮಾನಿನ ಡಿಸ್ಪೋಸಲ್‌ನಲ್ಲಿ ಮಾರಾಟವಾಗಿ ಇಂಥ ಗಾಡಿಗಳು ಕಾಡು ಸೇರಿ ನಾಟಾ ಎಳೆದವು. ಮುಂದಿನ ಗಾಜು ನೆಲ ನೋಡುವ ಹಾಗೆ ಬಾಗಿದೆಯಾ, ನೋಡಿ. ಹಾಗಿದ್ದರೆ ಯುದ್ಧದ ನಡುವೆ ಬಂದ ಮಾದರಿ. ಬಿಸಿಲಿಗೆ ಗಾಜು ಹೊಳೆದು ಮೇಲಿನ ವಿಮಾನದವರ ಕಣ್ಣಿಗೆ ಬೀಳದಿರಲಿ ಎಂದು ಹಾಗೆ ಮಾಡಿದ್ದರು. ಎಷ್ಟು ಚೆಂದದ ಗಾಡಿ ಅಲ್ವಾ? ನಿಮ್ಮ ಆಸೆ ನನಗೆ ಅರ್ಥವಾಗುತ್ತದೆ.

ಆದರೆ ಇಷ್ಟುದ್ದ ಪತ್ರದಲ್ಲಿ ಆರ್‌ಸಿ ಎನ್ನುವ ಮಾತೇ ಇಲ್ಲ. ಇಂಜಿನ್ ಸ್ಟಾರ್ಟ್ ಆಗುತ್ತಾ ಎಂದೂ ಇಲ್ಲ. ಬಾನೆಟ್ ಎತ್ತಿ ನೋಡಿದಿರಾ? ಫ್ಯಾಕ್ಟರಿಯಿಂದ ಬಂದದ್ದು 216 ಕ್ಯೂಬಿಕ್ ಇಂಚಿನ, ಆರು ಸಿಲಿಂಡರಿನ ಪೆಟ್ರೋಲ್ ಇಂಜಿನ್. ಅದು ಪೆಟ್ರೋಲ್ ಕುಡಿಯುವುದನ್ನು ತಾಳಲಾರದೆ ಎಷ್ಟೋ ಮಾಲೀಕರು ಹಳೇ ಗಾಡಿಗಳಿಗೆ ಪರ್ಕಿನ್ಸ್ ಡೀಸೆಲ್ ಇಂಜಿನ್ ಕೂರಿಸಿದ್ದುಂಟು. ಇದರಲ್ಲೂ ಅದೇ ಇದ್ದರೆ ಬೇಜಾರು ಬೇಡ, ನಿಮಗೆ ನೆನಪಿರುವ ಬಿಸಿ ಅದರದ್ದೇ ಇರಬಹುದು. ಆದರೆ ಇಂಜಿನ್ ನಂಬರ್, ಚಾಸಿಸ್ ನಂಬರ್ ಎರಡೂ ಆರ್‌ಸಿಗೆ ತಾಳೆಯಾಗಬೇಕು.

ವಿಂಟೇಜ್ ನಂಬರ್ ಎಂದು ಆಸೆ ತೋರಿಸಿದವರು ಪೂರ್ತಿ ವಿಷಯ ಹೇಳಿಲ್ಲ. 2021ರಲ್ಲಿ ಬಂದ ಕೇಂದ್ರದ ನಿಯಮ 50 ವರ್ಷ ದಾಟಿದ ಗಾಡಿಗಳಿಗೆ ಆ ನಂಬರ್ ಕೊಡುತ್ತದೆ, ಹೊಸದಾಗಿ ನೋಂದಣಿಗೆ ಶುಲ್ಕ 20 ಸಾವಿರ. ಅದರಲ್ಲಿ ಹೆಸರಿಸಿರುವುದು ದ್ವಿಚಕ್ರ ವಾಹನ ಮತ್ತು ಎಂ-1, ಅಂದರೆ ಕಾರಿನ ದರ್ಜೆಯ ಗಾಡಿ. ಲಾರಿ ಸೇರುವುದು ಸರಕಿನ ಎನ್ ದರ್ಜೆಗೆ. ಕಾರೇ ಆಗಿದ್ದರೂ ದಿನಾ ಓಡಿಸುವ ಹಾಗಿಲ್ಲ, ಪ್ರದರ್ಶನ, ರ‍್ಯಾಲಿ, ರಿಪೇರಿ ಅಂತ ಮಾತ್ರ ರಸ್ತೆಗಿಳಿಸಬಹುದು. ಇನ್ನು ಲಾರಿಯಾಗಿಯೇ ಓಡಿಸುತ್ತೇನೆ ಅಂದರೆ ವರ್ಷ ವರ್ಷ ಎಫ್‌ಸಿ, ಅಂದರೆ ಗಾಡಿ ಓಡಲು ಯೋಗ್ಯ ಎನ್ನುವ ಸರ್ಟಿಫಿಕೇಟ್, ಆಗಬೇಕು. ಮಳೆಯಲ್ಲಿ ನೆನೆಯುತ್ತಾ ನಿಂತ ಗಾಡಿಗೆ ಎಫ್‌ಸಿ! ಯಾವುದಕ್ಕೂ ಆರ್‌ಟಿಓ ಕಚೇರಿಗೆ ನೀವೇ ಹೋಗಿ ಕೇಳಿ. ಏಜೆಂಟರನ್ನು ಕೇಳಬೇಡಿ, 'ಮಾಡಿಸೋಣ ಸಾರ್' ಎಂದೇ ಅನ್ನುತ್ತಾರೆ.

ತಗೊಳ್ಳಿ, ಬಿಡಿ, ಇದೊಂದು ಮಾತ್ರ ನೆನಪಿರಲಿ. ಚಕ್ರ ಹಳೆಯದ್ದೇ ಇದ್ದರೆ ಅದರ ಡಿಸ್ಕ್ ಎರಡು ಹೋಳು, ಎರಡನ್ನೂ ಸುತ್ತ ನಟ್ ಹಾಕಿ ಬಿಗಿದಿರುತ್ತಾರೆ. ಗಾಡಿಗೆ ಚಕ್ರ ಹಿಡಿದಿರುವ ನಟ್ ಬೇರೆ, ಈ ನಟ್ ಬೇರೆ. ಗೊತ್ತಿಲ್ಲದ ಪಂಕ್ಚರ್ ಹುಡುಗ ಗಾಳಿ ಇಳಿಸದೆ ಇವುಗಳಿಗೆ ಸ್ಪ್ಯಾನರ್ ಹಾಕಿದರೆ ಡಿಸ್ಕ್ ಸಿಡಿದು ಎದೆಗೇ ಬಡಿಯುತ್ತದೆ. ಜೀವ ಹೋಗುವ ವಿಷಯ ಇದು. ಗಾಳಿ ಪೂರ್ತಿ ಇಳಿಯುವ ತನಕ ಯಾರಿಗೂ ಚಕ್ರ ಮುಟ್ಟಲು ಬಿಡಬೇಡಿ.

ಖರ್ಚಿನ ಲೆಕ್ಕಕ್ಕೆ ನಾನು ಹೋಗುವುದಿಲ್ಲ, ಅದಕ್ಕೆ ಕೊನೆ ಇಲ್ಲ. ಬ್ರೇಕಿನ ರಬ್ಬರ್ ಎಲ್ಲ ಹೊಸದು ಬೇಕು, ವೈರಿಂಗ್ ಹೊಸದು ಬೇಕು, ಮೇಲೊಂದು ಶೆಡ್ ಬೇಕು. ಧರ್ಮಸ್ಥಳದಲ್ಲಿ ಹಳೇ ಕಾರುಗಳನ್ನು ನೋಡಿರುತ್ತೀರಿ, ಅವುಗಳ ಮೇಲೆ ಸೂರಿದೆ, ನೋಡಿಕೊಳ್ಳಲು ಜನ ಇದ್ದಾರೆ. ನಮ್ಮ ಅಣ್ಣನದೊಂದು ಲ್ಯಾಂಬ್ರೆಟಾ 11 ವರ್ಷ ಟಾರ್ಪಾಲಿನ ಕೆಳಗೆ 'ಮುಂದಿನ ತಿಂಗಳು ರೆಡಿ' ಆಗುತ್ತಲೇ ಇತ್ತು, ಆಮೇಲೆ ನೋಡಿದರೆ ಅದರ ಕೆಳಗೆ ಕೋಳಿ ಕಾವಿಗೆ ಕೂತಿತ್ತು. ಮೆಕ್ಯಾನಿಕ್ಕಿನ ಮನೆಯಲ್ಲೇ ಈ ಕಥೆ!

ಬೆಲೆ ವಿಷಯಕ್ಕೆ ಬನ್ನಿ. ಮೂರು ಟನ್ ಸಾಮಾನು ಹೊರುವ ಮಾದರಿಯಾದರೆ ಗಾಡಿಯ ಸ್ವಂತ ತೂಕವೂ ಮೂರು ಟನ್ ಆಸುಪಾಸು. ಹಾರ್ಡ್‌ವೇರ್ ಅಂಗಡಿಯವರಿಗೆ ಕಬ್ಬಿಣದ ಗುಜರಿ ರೇಟು ನಾನು ಹೇಳಬೇಕಾ? ಗುಣಿಸಿ ನೋಡಿ. 4 ಲಕ್ಷಕ್ಕೂ ಆ ಲೆಕ್ಕಕ್ಕೂ ನಡುವೆ ಇರುವುದು ನಿಮ್ಮ ಮುಖ ನೋಡಿ ಇಟ್ಟ ಬೆಲೆ. ಇವನು ಡ್ರೈವರ್ ಮಗ, ಬಿಡಲ್ಲ ಎಂದು ಅವರಿಗೆ ಗೊತ್ತು.

ಹಾಗಾಗಿ 4 ಲಕ್ಷಕ್ಕೆ ಬೇಡ. ಮಗಳ ದುಡ್ಡಿಗಂತೂ ಕೈ ಹಾಕಲೇಬೇಡಿ. ಗುಜರಿ ಬೆಲೆಗೋ, ಅದಕ್ಕಿಂತ ಸ್ವಲ್ಪ ಮೇಲಕ್ಕೋ ಕೊಡುತ್ತಾರೆ, ಬರಹದಲ್ಲಿ ರಸೀದಿ ಕೊಡುತ್ತಾರೆ, ನಿಮಗೆ ನಿಲ್ಲಿಸಲು ಜಾಗವಿದೆ, ಯಾವತ್ತೂ ರಸ್ತೆಗಿಳಿಯದಿದ್ದರೂ ಪರವಾಗಿಲ್ಲ ಅನ್ನಿಸಿದರೆ ಆಗ ಯೋಚಿಸಿ.

ಅದಕ್ಕೂ ಮೊದಲು ಮನೆಯವರ ಹತ್ತಿರ ಅಡ್ವಾನ್ಸ್ ವಿಷಯ ಹೇಳಿ. ಇವತ್ತೇ, ಊಟವಾದ ಮೇಲೆ. ಬೈಸಿಕೊಳ್ಳಿ. 'ನಿಂಗೆ ಏನು ಗೊತ್ತು' ಎಂದು ಶುರು ಮಾಡಬೇಡಿ. ಅನ್ನದಾನ ಮಾಡಿಸಿ ಎಂದವರು ಮಾವನನ್ನು ಮರೆತಿಲ್ಲ, ನಿಮಗೆ ಲಾರಿ ಕಾಣುವ ಕಡೆ ಅವರಿಗೆ ಎಲೆ ಹಾಕಿದ ಪಂಕ್ತಿ ಕಾಣುತ್ತಿದೆ, ಅಷ್ಟೇ. ಆ ಗೋಣಿಚೀಲದ ವಿಷಯ ಅವರಿಗೆ ಯಾವತ್ತಾದರೂ ಹೇಳಿದ್ದೀರಾ? ನನಗೆ ಬರೆದಿರಿ, ಅವರಿಗೆ ಹೇಳಿದ ಹಾಗೆ ಕಾಣಲಿಲ್ಲ.

ಭಾನುವಾರ ಇಬ್ಬರೂ ಸಕಲೇಶಪುರಕ್ಕೆ ಹೋಗಿ, ಮಗಳನ್ನೂ ಕರೆದುಕೊಳ್ಳಿ. ಅಪ್ಪನ ಜೊತೆ ಕ್ಲೀನರ್ ಆಗಿದ್ದವರು ಯಾರಾದರೂ ಇದ್ದರೆ ಹುಡುಕಿ ಕರೆದೊಯ್ಯಿರಿ. ಡಬಲ್ ಕ್ಲಚ್, ಅಂದರೆ ಒಂದು ಗೇರಿಗೆ ಎರಡು ಸಲ ಕ್ಲಚ್, ಒತ್ತದೆ ಗೇರ್ ಬೀಳದ ಆ ಗಾಡಿಯನ್ನು ಘಾಟಿಯಲ್ಲಿ ಹೇಗೆ ಇಳಿಸುತ್ತಿದ್ದರು ಎಂದು ಅವರಿಂದ ಕೇಳಿ, ಮಗಳು ಫೋನಿನಲ್ಲಿ ರೆಕಾರ್ಡ್ ಮಾಡಿಕೊಳ್ಳಲಿ. ಹಾಗೆಯೇ ಬಾನೆಟ್ ಎತ್ತಿಸಿ ಒಂದು ಫೋಟೋ ತೆಗೆದು ಕಳಿಸಿ. ಪೆಟ್ರೋಲಾ ಪರ್ಕಿನ್ಸಾ ಎಂದು ಅಣ್ಣನಿಗೆ ತೋರಿಸಿ ಹೇಳುತ್ತೇನೆ.