ಹಸಿರಿಗೆ ಅಂಕ ಕೊಡಬೇಡಿ

ಪ್ರಶ್ನೆ: ಬಿಸಿಎ ವಿದ್ಯಾರ್ಥಿಗಳಿಗೆ ಪೈಥಾನ್ ಕಲಿಸುತ್ತೇನೆ. ಅವರು ಬರೆದ ಟೆಸ್ಟ್‌ಗಳು (ಪ್ರೋಗ್ರಾಮನ್ನು ಓಡಿಸಿ ಪರೀಕ್ಷಿಸುವ ಪುಟ್ಟ ಕೋಡ್‌ಗಳು) ಪ್ರೋಗ್ರಾಮಿನ ಯಾವ ಸಾಲುಗಳನ್ನು ಮುಟ್ಟಿವೆ ಎಂಬುದನ್ನು ಹಸಿರು, ಕೆಂಪು ಬಣ್ಣಗಳಲ್ಲಿ ತೋರಿಸಲು ಆರಂಭಿಸಿದ ಮೇಲೆ ಲ್ಯಾಬ್‌ನಲ್ಲಿ ಹುರುಪು ಬಂದಿದೆ. ಆದರೆ ಪೂರ್ತಿ ಹಸಿರಾದ ಪ್ರೋಗ್ರಾಮುಗಳೂ ತಪ್ಪು ಉತ್ತರ ಕೊಡುತ್ತಿವೆ. ಒಬ್ಬ ಹುಡುಗನಿಗೆ ಕೆಂಪು, ಹಸಿರಿನ ವ್ಯತ್ಯಾಸವೇ ತಿಳಿಯುವುದಿಲ್ಲ. ಹಸಿರಿನ ಶೇಕಡಾವಾರು ನೋಡಿ ಆಂತರಿಕ ಅಂಕ ಕೊಡಬಹುದೇ?
– ಉಪನ್ಯಾಸಕಿ, ತೀರ್ಥಹಳ್ಳಿ

ಉತ್ತರ: ದಯವಿಟ್ಟು ಕೊಡಬೇಡಿ. ಟೆಸ್ಟ್ ನಡೆಯುವಾಗ ಈ ಸಾಲು ಓಡಿತು ಎಂಬುದಷ್ಟನ್ನೇ ಹಸಿರು ಹೇಳುತ್ತದೆ. ಬಂದ ಉತ್ತರ ಸರಿಯೋ ತಪ್ಪೋ ಅದಕ್ಕೆ ಗೊತ್ತಿಲ್ಲ. ಅಂಕದ ಆಸೆ ತೋರಿಸಿದರೆ ಮಕ್ಕಳು ಫಂಕ್ಷನ್ ಅನ್ನು ಸುಮ್ಮನೆ ಕರೆದು, ಒಂದೂ ಅಸರ್ಟ್ (ಬಂದ ಉತ್ತರ ಸರಿಯೇ ಎಂದು ತಾಳೆ ನೋಡುವ ಸಾಲು) ಬರೆಯದೆ, ನೂರಕ್ಕೆ ನೂರು ಹಸಿರು ಮಾಡಿ ತಂದಿಡುತ್ತಾರೆ.

ಅಸರ್ಟ್ ಇದ್ದರೂ ಮೋಸ ಹೋಗಬಹುದು. ಅಡಿಕೆ ಮಂಡಿಯ ಲೆಕ್ಕ ತೆಗೆದುಕೊಳ್ಳಿ. ಫಂಕ್ಷನ್ನಿನ ಒಳಗೆ ಮೂರೇ ಸಾಲು: ಚೀಲ ಸಮೇತ ತೂಗಿದ್ದರೆ ಎಂಬ ಇಫ್, ಅದರೊಳಗೆ, ಒಟ್ಟು ತೂಕದಿಂದ ಚೀಲದ ತೂಕ ಕಳೆದು ನಿವ್ವಳ ತೂಕ ಪಡೆಯುವುದು, ಕೊನೆಗೆ, ನಿವ್ವಳ ತೂಕವನ್ನು ದರದಿಂದ ಗುಣಿಸಿ ರಿಟರ್ನ್. ಚೀಲ ಸಮೇತ ತೂಗಿದ ಒಂದೇ ಟೆಸ್ಟ್ ಬರೆದರೆ ಮೂರೂ ಸಾಲು ಹಸಿರು. ಚೀಲವಿಲ್ಲದೆ ತೂಗಿದರೆ ಪ್ರೋಗ್ರಾಮು ಅಲ್ಲೇ ನಿಲ್ಲುತ್ತದೆ, ಏಕೆಂದರೆ ಆ ದಾರಿಯಲ್ಲಿ ನಿವ್ವಳ ತೂಕಕ್ಕೆ ಮೌಲ್ಯವನ್ನೇ ಕೊಟ್ಟಿಲ್ಲ! ಇದೇ ಟೆಸ್ಟನ್ನು ಕವರೇಜ್.ಪೈ (ಓಡಿದ ಸಾಲುಗಳನ್ನು ಗುರುತಿಸುವ ಪೈಥಾನ್ ಸಾಧನ) ಮೂಲಕ ಬ್ರಾಂಚ್ ಆಯ್ಕೆ ಸೇರಿಸಿ ಓಡಿಸಿ ನೋಡಿ. ಇಫ್ ಸಾಲು ಹಳದಿಯಾಗುತ್ತದೆ: ಎರಡು ದಾರಿಗಳಲ್ಲಿ ಒಂದನ್ನಷ್ಟೇ ತುಳಿದಿದ್ದಾರೆ. ಜಾವಾ ಭಾಷೆಯ ಇಂಥದೇ ಸಾಧನ ಜಾಕೋಕೋದಲ್ಲೂ ಇಂಥ ಇಫ್ ಸಾಲಿನ ಹಳದಿಗೆ ಇದೇ ಅರ್ಥ. ನನ್ನ ಮಟ್ಟಿಗೆ ಕಲಿಯುವವರಿಗೆ ಅತಿ ಹೆಚ್ಚು ಕಲಿಸುವ ಬಣ್ಣ ಈ ಹಳದಿಯೇ.

ಕೆಂಪು ಸಾಲು ಕಂಡಾಗ ಬೈಯಬೇಡಿ, ಕೇಳಿ: ಈ ಸಾಲು ಓಡಬೇಕಾದರೆ ಯಾವ ಇನ್‌ಪುಟ್ ಕೊಡಬೇಕು? ಯಾವ ಇನ್‌ಪುಟ್ ಕೊಟ್ಟರೂ ಓಡದು ಎಂದು ಕೆಲವೊಮ್ಮೆ ಗೊತ್ತಾಗುತ್ತದೆ. ಆಗ ಆ ಸಾಲನ್ನೇ ಅಳಿಸಬೇಕು. ಅಂಕ ಕೊಡುವುದಾದರೆ ಈ ವಿವರಣೆಗೆ ಕೊಡಿ. ಹಸಿರು ಸಾಲುಗಳಿಗೆ ಬೇರೆ ಪರೀಕ್ಷೆ ಬೇಕು. ವಿದ್ಯಾರ್ಥಿಗಳು ಇಬ್ಬಿಬ್ಬರಾಗಿ ಪ್ರೋಗ್ರಾಮು ಬದಲಿಸಿಕೊಂಡು, ಗೆಳೆಯನ ಹಸಿರು ಸಾಲೊಂದನ್ನು ಬೇಕೆಂದೇ ಕೆಡಿಸಲಿ. ಕಳೆಯುವಲ್ಲಿ ಕೂಡಿಸಿದರೂ ಟೆಸ್ಟ್‌ಗಳೆಲ್ಲ ಪಾಸಾದರೆ ಅವು ಆ ಲೆಕ್ಕವನ್ನು ನೋಡುತ್ತಲೇ ಇಲ್ಲ. ಇದನ್ನೇ ಯಂತ್ರದಿಂದ ಮಾಡಿಸಿದರೆ ಮ್ಯುಟೇಶನ್ ಟೆಸ್ಟಿಂಗ್.

ಇನ್ನು ಆ ಹುಡುಗನ ವಿಷಯ. ಕೆಂಪು-ಹಸಿರು ಗೊಂದಲ ಬಹುಪಾಲು ಹುಟ್ಟಿನಿಂದಲೇ ಬರುತ್ತದೆ. ಸಂಬಂಧಿಸಿದ ಜೀನ್‌ಗಳು ಎಕ್ಸ್ ಕ್ರೋಮೋಸೋಮಿನಲ್ಲಿರುವುದರಿಂದ ಗಂಡಸರಲ್ಲಿ ಹೆಚ್ಚು. ನಿಮ್ಮ ತರಗತಿಯಲ್ಲಿ ಹೇಳಿಕೊಳ್ಳದ ಇನ್ನೊಬ್ಬನೂ ಇರಬಹುದು. ಕೈ ಎತ್ತಿಸಿ ಕೇಳಬೇಡಿ, ಎಲ್ಲರಿಗೂ ಬಣ್ಣದ ಜೊತೆಗೆ ಸಾಲಿನ ಸಂಖ್ಯೆಯನ್ನೂ ಕೊಡಿ. ಕವರೇಜ್.ಪೈನ ರಿಪೋರ್ಟ್ ಆದೇಶಕ್ಕೆ ಎಂ ಆಯ್ಕೆ ಸೇರಿಸಿದರೆ ಓಡದ ಸಾಲುಗಳ ಸಂಖ್ಯೆಗಳು ಪಟ್ಟಿಯಾಗಿ ಬರುತ್ತವೆ. ಬ್ರೌಸರಿನ ವರದಿಯಲ್ಲಿ ಎಂ ಕೀ ಒತ್ತುತ್ತಿದ್ದರೆ ಆ ಸಾಲುಗಳ ಬಣ್ಣ ಬಂದು ಹೋಗುತ್ತದೆ. ಯಾವ ಬಣ್ಣವೆಂದು ತಿಳಿಯದಿದ್ದರೂ ಬದಲಾವಣೆ ಕಾಣುತ್ತದೆ. ವರದಿಯ ಪುಟಗಳು ನಿಮ್ಮ ಕಂಪ್ಯೂಟರಿನಲ್ಲೇ ಇರುವುದರಿಂದ ಮಳೆಗಾಲದಲ್ಲಿ ಇಂಟರ್‌ನೆಟ್ ಕೈಕೊಟ್ಟರೂ ಪಾಠ ನಿಲ್ಲುವುದಿಲ್ಲ.