ಮಿಂಚು ಬಿಟ್ಟು ಬೇರೆ ಏನಿದೆ?

ಪ್ರಶ್ನೆ: ಅಕ್ಕಾ, ಜಾತ್ರೆಯ ಸೈಕಲ್ ರೇಸ್ ಬಗ್ಗೆ ಪ್ರಬಂಧ ಬರೆದಿದ್ದೆ. ‘ಮಿಂಚಿನ ವೇಗದಲ್ಲಿ’ ಅಂತ ನಾಲ್ಕು ಸಲ ಬಂದಿದೆ ಅಂತ ಸರ್ ಕೆಂಪು ಗೆರೆ ಎಳೆದು ಕೊಟ್ಟರು. ವೇಗಕ್ಕೆ ಬೇರೆ ಹೋಲಿಕೆ ಎಲ್ಲಿಂದ ತರಲಿ? ಉಪಮೆ ಒಳ್ಳೇದಾ, ರೂಪಕ ಒಳ್ಳೇದಾ?
— ಪಿಯುಸಿ ವಿದ್ಯಾರ್ಥಿನಿ, ಜಮಖಂಡಿ

ಉತ್ತರ: ತಂಗಿ, ಮಿಂಚಿನ ಬೆಳಕು ಸೆಕೆಂಡಿಗೆ ಸುಮಾರು 3 ಲಕ್ಷ ಕಿಲೋಮೀಟರ್ ಓಡುತ್ತದೆ, ಸೈಕಲ್ ಎಲ್ಲಿ, ಅದೆಲ್ಲಿ. ಆದರೂ ಅದು ತಪ್ಪಲ್ಲ, ಹೋಲಿಕೆಯಲ್ಲಿ ಅಂಕಿ ಲೆಕ್ಕಕ್ಕೆ ಬರುವುದಿಲ್ಲ. ತೊಂದರೆ ಇರುವುದು ಬೇರೆ ಕಡೆ. ಮಿಂಚು ಥಟ್ಟನೆ ಬಂದು ಮಾಯವಾಗುತ್ತದೆ, ಸೈಕಲ್ ಹುಡುಗ ಬೆವರು ಸುರಿಸುತ್ತಾ ಒಂದೇ ಸಮನೆ ತುಳಿಯುತ್ತಾನೆ, ಅಲ್ವಾ? ಎಷ್ಟು ಜೋರು ಅನ್ನೋದಕ್ಕಿಂತ ಹೇಗೆ ಜೋರು ಅನ್ನೋದನ್ನು ಮೊದಲು ನೋಡು.

ನಿಮ್ಮ ಪಕ್ಕದ ಮುಧೋಳದ ಬೇಟೆ ನಾಯಿಯನ್ನೇ ತಗೋ. ಕಬ್ಬು ಕಡಿದ ಹೊಲದಲ್ಲಿ ಒಮ್ಮೆ ಹತ್ತಿರದಿಂದ ನೋಡಿದ್ದೆ. ಬೆನ್ನು ಬಿಲ್ಲಿನ ಹಾಗೆ ಬಾಗಿ, ಹಿಂಗಾಲು ಮುಂಗಾಲನ್ನೂ ದಾಟಿ ಮುಂದೆ ಬಂದು, ಮರುಕ್ಷಣ ಮೈ ಪೂರ್ತಿ ಬಿಚ್ಚಿಕೊಂಡು ನಾಲ್ಕೂ ಕಾಲು ನೆಲ ಬಿಟ್ಟಿರುತ್ತವೆ. ಮಡಚುತ್ತಾ ಬಿಚ್ಚುತ್ತಾ ಹೋಗುವ ವೇಗ ಅದು. ಕೊನೆಯ ನೂರು ಮೀಟರಿನಲ್ಲಿ ಸೀಟಿನಿಂದ ಎದ್ದು ತುಳಿಯುವವನಿಗೆ ಇದು ಸರಿಯಾಗಿ ಕೂರುತ್ತದೆ. ಗುಂಪಾಗಿ ಬರುವವರಿಗೆ ಕೂರುವುದಿಲ್ಲ, ಅವರಿಗೆ ಆಲಮಟ್ಟಿಯ ಗೇಟ್ ಎತ್ತಿದಾಗ ನುಗ್ಗುವ ಕೃಷ್ಣೆ ಬೇಕು.

ಇನ್ನು ಉಪಮೆ, ರೂಪಕ. ‘ಗೇಟ್ ಎತ್ತಿದ ನೀರಿನ ಹಾಗೆ ಸೈಕಲ್ಲುಗಳು ನುಗ್ಗಿದವು’ ಅಂದರೆ ಉಪಮೆ. ‘ಹಾಗೆ’ ತೆಗೆದು ‘ತಿರುವಿನಲ್ಲಿ ಸೈಕಲ್ಲುಗಳ ಹೊಳೆ ಬಂತು’ ಅಂದರೆ ರೂಪಕ. ಓದುವವರು ಒಂದು ಗಳಿಗೆ ನಿಂತು ನೋಡಬೇಕಾದ ಕಡೆ ಉಪಮೆ ಇಡು. ಓಟದ ನಡುವೆ ರೂಪಕವೇ ವಾಸಿ, ಚಿಕ್ಕದಿರುತ್ತದೆ. ಅಲ್ಲಿ ವಾಕ್ಯ ಉದ್ದವಾದರೆ ಸೈಕಲ್ಲೇ ನಿಂತುಬಿಡುತ್ತದೆ.

ಮತ್ತೆ, ನಮ್ಮ ಮಾತಿನಲ್ಲಿ ವೇಗವನ್ನು ಹೊತ್ತಿನಿಂದ ಅಳೆಯುವುದೇ ಜಾಸ್ತಿ. ಕಣ್ಣು ಮುಚ್ಚಿ ತೆರೆಯುವಷ್ಟರಲ್ಲಿ, ಚಿಟಿಕೆ ಹೊಡೆಯುವಷ್ಟರಲ್ಲಿ ಅನ್ನುತ್ತೇವಲ್ಲ, ಹಾಗೆ. ಅಂಗಡಿಗೆ ಓಡಿ ಹೋಗಿ ಬಂದ ನನ್ನ ತಮ್ಮನಿಗೆ ನಮ್ಮ ಆಯಿ, ‘ಹಂಚಿನ ಮ್ಯಾಲಿನ ರೊಟ್ಟಿ ತಿರುವಿ ಹಾಕೂದ್ರಾಗ ಬಂದ್ಯಲ್ಲೋ’ ಅನ್ನುತ್ತಿದ್ದಳು. ವೇಗ ಅನ್ನುವ ಪದವೇ ಅದರಲ್ಲಿಲ್ಲ, ಆದರೂ ಹುಡುಗ ಓಡಿದ್ದು ಕಾಣುತ್ತದೆ, ರೊಟ್ಟಿಯ ವಾಸನೆಯೂ ಬರುತ್ತದೆ. ಇಂಥವು ನಿಮ್ಮ ಮನೆಯಲ್ಲೂ ಇರುತ್ತವೆ, ಅಡುಗೆಮನೆಯಲ್ಲಿ ಸುಮ್ನೆ ಕೂತು ಕೇಳು.

ಪ್ರಬಂಧವನ್ನು ಮತ್ತೆ ಬರೆ. ಮಿಂಚನ್ನು ಒಂದೇ ಕಡೆ ಉಳಿಸಿಕೋ, ಗೆದ್ದವನ ಮುಂದಿನ ಚಕ್ರ ಗೆರೆ ಮುಟ್ಟಿದ ಆ ಒಂದು ಕ್ಷಣಕ್ಕೆ. ಉಳಿದ ಮೂರನ್ನು ಹೊಡೆದುಹಾಕು.