ಇಂಗ್ಲಿಷಿನಲ್ಲಿ ದೊಡ್ಡಪ್ಪ, ಚಿಕ್ಕಪ್ಪ, ಸೋದರಮಾವ ಎಲ್ಲರೂ 'ಅಂಕಲ್' ಆಗಿದ್ದು ಹೇಗೆ?

ಮೊದಲು ಹಾಗಿರಲಿಲ್ಲ. ಹಳೆಯ ಇಂಗ್ಲಿಷಿನಲ್ಲಿ ಅಪ್ಪನ ಅಣ್ಣತಮ್ಮಂದಿರಿಗೆ 'ಫ್ಯಾಡೆರ', ಅಮ್ಮನ ಅಣ್ಣತಮ್ಮಂದಿರಿಗೆ 'ಏಆಮ್' ಎಂಬ ಬೇರೆ ಬೇರೆ ಪದಗಳಿದ್ದವು. 1066ರಲ್ಲಿ ನಾರ್ಮನ್ನರು ಇಂಗ್ಲೆಂಡನ್ನು ಗೆದ್ದ ಮೇಲೆ ಅವರ ಫ್ರೆಂಚ್ ಜೊತೆ 'ಅಂಕಲ್', 'ಆಂಟ್' ಬಂದವು. ಹಳೆಯವು ನಿಧಾನವಾಗಿ ಮರೆಯಾದವು.

ಬಂದ ಪದಗಳ ಮೂಲ ನೋಡಿದರೆ ನನಗೆ ಇಂದಿಗೂ ಖುಷಿಯಾಗುತ್ತದೆ. 'ಅಂಕಲ್' ಹುಟ್ಟಿದ್ದು ಲ್ಯಾಟಿನ್‌ನ 'ಅವುಂಕುಲುಸ್'ನಿಂದ. ಅದರರ್ಥ ಅಮ್ಮನ ಅಣ್ಣ ಅಥವಾ ತಮ್ಮ ಮಾತ್ರ. 'ಆಂಟ್' ಬಂದಿದ್ದು 'ಅಮಿತಾ'ದಿಂದ, ಅಂದರೆ ಅಪ್ಪನ ಅಕ್ಕ ಅಥವಾ ತಂಗಿ. ನಮ್ಮ ಸೋದರಮಾವ, ಸೋದರತ್ತೆಯೇ! ಅಪ್ಪನ ಅಣ್ಣ ಅಥವಾ ತಮ್ಮನನ್ನು ರೋಮನ್ನರು 'ಪತ್ರೂಸ್' ಅನ್ನುತ್ತಿದ್ದರು.

ಹಾಗಾದರೆ ವ್ಯತ್ಯಾಸ ಅಳಿಸಿದ್ದೇಕೆ? ಸಂಬಂಧದ ಪದಗಳು ಸಾಮಾನ್ಯವಾಗಿ ಮದುವೆಯ ನಿಯಮಗಳಿಗೆ ಅಂಟಿಕೊಂಡಿರುತ್ತವೆ. ನಮ್ಮಲ್ಲಿ ಅನೇಕ ಸಮುದಾಯಗಳಲ್ಲಿ ಮಾವನ ಮಗಳನ್ನು ಮದುವೆಯಾಗಬಹುದು, ಚಿಕ್ಕಪ್ಪನ ಮಗಳು ಮಾತ್ರ ತಂಗಿ. ಇಬ್ಬರನ್ನೂ ಒಂದೇ ಪದದಲ್ಲಿ ಕರೆದರೆ ದೊಡ್ಡ ಗೊಂದಲ. ಮಧ್ಯಯುಗದ ಯೂರೋಪಿನಲ್ಲಿ ಚರ್ಚು ಎರಡೂ ಕಡೆಯ ಹತ್ತಿರದ ನೆಂಟರೊಡನೆ ಮದುವೆಯನ್ನು ಒಂದೇ ರೀತಿ ನಿಷೇಧಿಸಿತ್ತು. ಹಾಗಾಗಿ ತಂದೆ ಕಡೆ, ತಾಯಿ ಕಡೆ ಎಂದು ಬಿಡಿಸಿ ಹೇಳುವ ಅಗತ್ಯ ಕಡಿಮೆ.

ಅರ್ಥ ಜಾರಿದ್ದು ಇವೆರಡೇ ಅಲ್ಲ. ಷೇಕ್ಸ್‌ಪಿಯರನ ನಾಟಕದಲ್ಲಿ ಕ್ಲಾಡಿಯಸ್ ತನ್ನ ಅಣ್ಣನ ಮಗ ಹ್ಯಾಮ್ಲೆಟ್‌ನನ್ನು 'ಕಸಿನ್' ಎನ್ನುತ್ತಾನೆ. ಆಗ ಅದು ಯಾವುದೇ ನೆಂಟನಿಗೆ ಸಲ್ಲುತ್ತಿತ್ತು. 'ಮದರ್-ಇನ್-ಲಾ' ಎಂದರೆ 19ನೇ ಶತಮಾನದಲ್ಲೂ ಕೆಲವೊಮ್ಮೆ ಮಲತಾಯಿ.